ಚಮನಸಾಬರ ವೈರಿ

ನಮ್ಮ ಭಾಂಡುಪ್ ಚಾಳಿನಲ್ಲಿ ಕಾಳ್ಯಾ ಎಂಬ ನಾಯಿಗೆ ಇದ್ದ ವೈರಿ ಒಬ್ಬರೇ, ಗಾದಿ ಹೊಲಿಯುವ ಚಮನಸಾಬರು. ಬಾಗಲಕೋಟೆ ಕಡೆಯವರು. ಬೆಳಿಗ್ಗೆ ಹತ್ತಿ ಹಿಂಜಲು ಕೂತರೆಂದರೆ ಮೊದಲು ಕೇಳುತ್ತಿದ್ದುದೇ "ಹಟ್! ದೂರ ಸರಿ!" ಎಂಬ ಗರ್ಜನೆ.

"ನಾಯಿ ಮೂತಿ ತಾಗಿದ್ರ ತೊಳಕೊಂಡ ನಮಾಜಿಗೆ ನಿಲ್ಲಬೇಕ್ರೀ ಅಕ್ಕಾರ" ಎಂದು ನನ್ನ ಮೇಲೂ ರೇಗುತ್ತಿದ್ದರು. ನಾನೇನು ಅದನ್ನು ಹೇಳಿ ಕಳಿಸುತ್ತಿದ್ದೆನೇ? ಉಡುಪಿ ಹೋಟೆಲಿನ ಮ್ಯಾನೇಜರ್ ಸದಾನಂದರ ಹೆಂಡತಿ ನಾನು, ರಾಜೀವಿ. ನಮ್ಮಲ್ಲಿ ಉಳಿದ ಇಡ್ಲಿ ತಿಂದು ಬೆಳೆದ ಪ್ರಾಣಿ ಅದು.

ಪಟಾಕಿಯೆಂದರೆ ಕಾಳ್ಯಾನಿಗೆ ಜೀವಭಯ. ಎಪ್ಪತ್ತಮೂರರ ದೀಪಾವಳಿಯಲ್ಲಿ ರೈಲು ಹಳಿಯ ಕಡೆ ಓಡಿ, ಹೇಗೋ ಬದುಕಿ ಬಂದಿತ್ತು. ಮರುವರ್ಷ ನಾನು ದಾದರಿನ ನಾಯಿ ಡಾಕ್ಟರರಿಂದ ಹೆದರಿಕೆ ಇಳಿಸುವ ಮಾತ್ರೆ ತಂದಿದ್ದು, ಹಬ್ಬದ ಬೆಳಿಗ್ಗೆ ಇಡ್ಲಿಯೊಳಗಿಟ್ಟು ತಿನ್ನಿಸಿದೆ. ಮಧ್ಯಾಹ್ನದ ಹೊತ್ತಿಗೆ ಗೋಣಿಚೀಲದ ಹಾಗೆ ಬಿದ್ದಿತ್ತು. ಮೈ ತಣ್ಣಗೆ, ಉಸಿರು ಇದೆಯೋ ಇಲ್ಲವೋ. ಅಯ್ಯೋ ದೇವರೇ, ಕೈಯಾರೆ ಕೊಂದೆನಲ್ಲ ಎಂದು ಗೋಳೋ ಎಂದು ಅತ್ತೆ.

ನಮ್ಮವರು ಟ್ಯಾಕ್ಸಿಯಲ್ಲಿ ಡಾಕ್ಟರರನ್ನೇ ಕರೆತಂದರು. ನನ್ನ ಮಾತ್ರೆಯೊಂದರಿಂದಲೇ ಹೀಗಾಗಲಾರದು ಎಂದು ಅವರು ಸಿಡುಕಿ, ಬೇರೇನು ತಿನ್ನಿಸಿದಿರಿ ಎಂದು ಕೇಳಿದರು. "ಔರ್ ಕ್ಯಾ ಖಿಲಾಯಾ?"

ಡಾಕ್ಟರರು ಬಿಡಿಸಿ ಹೇಳಿದರು. ವಿಷವಾದರೆ ಹೊಟ್ಟೆ ತೊಳೆಯಬೇಕು, ಆದರೆ ಈ ಮಂಪರಿನಲ್ಲಿ ತೊಳೆದರೆ ಉಸಿರುಗಟ್ಟಿ ಸಾಯಬಹುದು. ಬೇರೆ ನಿದ್ದೆಮಾತ್ರೆ ಸೇರಿದ್ದರೆ ಎರಡೂ ಒಂದಾಗಿ ಜೋರು ಮಾಡಿವೆ, ಬೆಚ್ಚಗಿಟ್ಟು ಕಾಯಬೇಕು. ಯಾವುದೆಂದು ಈಗಲೇ ಹೇಳಿ ಎಂದರು.

ಇಡೀ ಚಾಳು ಚಮನಸಾಬರತ್ತ ತಿರುಗಿತು. ವಿಷ ಹಾಕುವವರಿದ್ದರೆ ಅವರೇ ತಾನೆ! ನಾನು ಸೆರಗು ಸಿಕ್ಕಿಸಿ ನಿಂತೆ. "ಎಂತ ಹಾಕಿದ್ರಿ ಮಾರಾಯ್ರೇ, ಬೊಗಳಿ!"

ಅವರು ಡಾಕ್ಟರರತ್ತ ಒಂದು ಹೆಜ್ಜೆ ಮುಂದೆ ಬಂದರು. "ನನ್ನ ನಿದ್ದಿ ಗುಳಿಗಿರೀ. ಶಿರಾದಾಗ ಇಟ್ಟು ಕೊಟ್ಟೀನಿ. ಹ್ವಾದ ವರ್ಷ ಹಳಿ ಮ್ಯಾಲಿಂದ ನಾನ ಎಳಕೊಂಡ ಬಂದಿದ್ದೆ. ಈ ಸಲ ಕೈಗೆ ಸಿಗದಿದ್ರ?"

"ಮತ್ತೆ ದಿನಾ ಬೈತೀರಲ್ಲ?"

"ಬೈದ್ರೂ ಬರತೈತಲ್ರೀ ಅಕ್ಕಾರ" ಎಂದು ಎಲ್ಲರೆದುರೇ ಅತ್ತುಬಿಟ್ಟರು.

ಡಾಕ್ಟರರು ಹೊಟ್ಟೆ ತೊಳೆಯಲಿಲ್ಲ. ಚಮನಸಾಬರು ಯಾರದೋ ಮದುವೆಗೆಂದು ಹೊಲಿದಿದ್ದ ಹೊಸ ಗಾದಿ ತಂದು ಹಾಸಿ, ಕಾಳ್ಯಾನನ್ನು ಎತ್ತಿ ಮಲಗಿಸಿ, ಮೈ ತಿಕ್ಕುತ್ತಾ ಕೂತರು. ಆವತ್ತು ನಮಾಜಿಗೆಂದು ಅವರು ಅದೆಷ್ಟು ಸಲ ತಮ್ಮ ಮೈ ತೊಳೆದುಕೊಂಡರೋ, ಪಾಪ.

ಮರುದಿನ ಕಾಳ್ಯಾ ಎದ್ದಿತು. ಕೃತಘ್ನ ಮುಂಡೇದು, ನನ್ನ ಇಡ್ಲಿಯನ್ನು ಮೂಸಿಯೂ ನೋಡದೆ ತೂರಾಡಿಕೊಂಡು ಹೋಗಿ ಹತ್ತಿಗುಡ್ಡೆಯ ಪಕ್ಕ ಬಿದ್ದುಕೊಂಡಿತು.

"ಹಟ್! ದೂರ ಸರಿ!" ಎಂದು ಗದರಿದರು ಚಮನಸಾಬರು, ತಾವೇ ಅತ್ತ ಸರಿದು ಜಾಗ ಬಿಡುತ್ತಾ.