ಕತ್ತಮ್ಮನಿಗೆ ಬೇಕಾದ ಕೈ

ಬೆಳಗಿನ ಐದೂವರೆ. ಓಣಿಯಲ್ಲಿ ಇನ್ನೂ ಒಂದು ಬಾಗಿಲೂ ತೆರೆದಿಲ್ಲ. ಟೈರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾತ್ರ ಕರ್ರ್ ಕರ್ರ್ ಸದ್ದು. ಎಲೆಕ್ಟ್ರಿಕ್ ಗಿಟಾರೊಂದರ ಕತ್ತನ್ನು, ಅಂದರೆ ನುಡಿಸುವವರು ಎಡಗೈಯಲ್ಲಿ ಹಿಡಿಯುವ ಉದ್ದನೆಯ ಮರವನ್ನು, ಮೇಜಿಗೆ ಬಿಗಿದು, ಅದರ ಬೆನ್ನನ್ನು ಅರದಿಂದ ಉಜ್ಜುತ್ತಿರುವವರು ಐವತ್ತೆರಡರ ಹೆಂಗಸು. ನಾಲ್ಕು ಸಲ ಉಜ್ಜುವುದು, ಕಣ್ಣು ಮುಚ್ಚಿ ಸವರುವುದು, ಮತ್ತೆ ನಾಲ್ಕು ಸಲ. ಊರಿನ ಗಿಟಾರ್ ವಾದಕರಿಗೆಲ್ಲ ಇವರು ‘ಕತ್ತಮ್ಮ’. ನಿಜವಾದ ಹೆಸರು ಕೇಳಿದವರೇ ಇಲ್ಲ.

ಗಿಟಾರಿನ ಕತ್ತುಗಳೂ ಮನುಷ್ಯರ ಕೈಗಳಷ್ಟೇ ಬಗೆಬಗೆ. ಕೆಲವು ದುಂಡಗೆ, ಕೆಲವು ಚಪ್ಪಟೆ, ಕೆಲವು ದೋಣಿಯ ತಳದಂತೆ ನಡುವೆ ಚೂಪು. ನುಡಿಸುವವರು ಇವಕ್ಕೆ ಆಕಾರ ನೋಡಿ ಸಿ, ಡಿ, ವಿ ಅಂತ ಇಂಗ್ಲಿಷ್ ಅಕ್ಷರಗಳ ಹೆಸರಿಟ್ಟಿದ್ದಾರೆ. ಕತ್ತಮ್ಮನಿಗೆ ಅಕ್ಷರ ಬೇಡ, ಅಂಗೈ ಬೇಕು. ಬಂದವರಿಗೆಲ್ಲ ಮೊದಲ ಮಾತು: "ಕೈ ಕೊಡಿ."

"ಬ್ಯಾಂಡಿನವರೆಲ್ಲ ನಂಗೆ ಕೈ ಕೊಟ್ಟಾಯ್ತು, ಈಗ ನಾನು ನಿಮಗೆ ಕೊಡ್ಲಾ ಕತ್ತಮ್ಮ?" ಎನ್ನುತ್ತಾನೆ ಒಂಬತ್ತಕ್ಕೆ ಗಿಟಾರ್ ಹೊತ್ತು ಬಂದ ದಢೂತಿ ವಾದಕ.

"ಕೊಡಪ್ಪ, ನಾನಾದ್ರೆ ವಾಪಸ್ ಕೊಡ್ತೀನಿ," ಎನ್ನುತ್ತಲೇ ಅವನ ಹೆಬ್ಬೆರಳ ಬುಡ ಒತ್ತಿ ನೋಡುತ್ತಾರೆ. "ಆಳು ಆನೆ ಥರ, ಹೆಬ್ಬೆರಳು ಗಿಡ್ಡ. ಈ ದಪ್ಪ ಕತ್ತು ಹಿಡ್ಕೊಂಡ್ರೆ ನೋಯದೆ ಇರುತ್ತಾ?"

ದಿನಕ್ಕೆ ಎರಡು ಕತ್ತು, ಹೆಚ್ಚೆಂದರೆ ಮೂರು. ತೆಗೆಯುವುದು ಅಕ್ಕಿಕಾಳಿನಷ್ಟು ದಪ್ಪ. ಹೆಚ್ಚು ತೆಗೆದರೆ ಮುಗಿಯಿತು, ಹೋದ ಮರ ಮತ್ತೆ ಬರುವುದಿಲ್ಲ.

ಕುರ್ಚಿಯ ಕಾಲು ಕಡೆಯುತ್ತಿದ್ದ ಅಪ್ಪನಿಂದ ಕಲಿತ ಕೆಲಸವಿದು. ಮೊದಲ ಕತ್ತು ಮಾಡಿದ್ದು ಬ್ಯಾಂಡಿನಲ್ಲಿ ನುಡಿಸುತ್ತಿದ್ದ ಅಕ್ಕನಿಗೆ. "ಉಜ್ಜೋದು ನಾನು, ಹಿಡಿದು ನೋಡೋದೂ ನಾನೇ. ನೋಡ್ತಾ ನೋಡ್ತಾ ನನ್ ಕೈಗೇ ಮಾಡ್ಬಿಟ್ಟಿದ್ದೆ! ಅವಳು ಪಾಪ, ತಂಗಿ ಮಾಡಿದ್ದು ಅಂತ, ನೋಯ್ತಿದ್ರೂ ಬಾಯಿ ಬಿಡ್ಲಿಲ್ಲ. ಎರಡು ವರ್ಷ ಅದನ್ನೇ ನುಡಿಸಿದ್ಲು. ಮಣಿಕಟ್ಟು ಊದ್ಕೊಂಡು ಕೊನೆಗೆ ಗಿಟಾರೇ ಬಿಟ್ಲು," ಎನ್ನುತ್ತಾರೆ ಕತ್ತಮ್ಮ, ಅವರ ಕೆಲಸ ನೋಡಲು ಬಂದ ನಮಗೆ.

ಈಗ ಅಕ್ಕ ಇರುವುದು ಎರಡು ದಿನದ ರೈಲು ದೂರದಲ್ಲಿ. ಮುಖ ನೋಡಿ ಹನ್ನೊಂದು ವರ್ಷ. ಮತ್ತೆ ನುಡಿಸುವ ಆಸೆಯಾಗಿದೆಯಂತೆ. ಹೊಸ ಕತ್ತಿನ ಅಳತೆಗೆಂದು ಕಾಗದದ ಮೇಲೆ ಕೈಯಿಟ್ಟು ಗೆರೆ ಎಳೆದು, ಅದರ ಫೋಟೊ ಕಳಿಸಿದ್ದಾಳೆ. ನಾವು ಮಾತಾಡುತ್ತಿರುವಾಗಲೇ ಅವಳ ಫೋನು.

"ಆಯ್ತೇನೇ? ಕೊರಿಯರ್ ಮಾಡ್ಬಿಡು."

"ಮೊದ್ಲು ನಿನ್ ಕೈ ಕೊರಿಯರ್ ಮಾಡು."

"ಫೋಟೊ ಕಳ್ಸಿದ್ನಲ್ಲೇ ಹಠಮಾರಿ!"

"ಅದ್ರಲ್ಲಿ ಬೆರಳಿನ ಉದ್ದ ಕಾಣುತ್ತೆ. ಅಂಗೈ ಎಷ್ಟು ತುಂಬ್ಕೊಂಡಿದೆ, ಎಷ್ಟು ಸೊರಗಿದೆ, ಕಾಣುತ್ತಾ?"

"ನೀನು ಮಾಡಿದ್ದು ಹೆಂಗಿದ್ರೂ ಚೆನ್ನಾಗೇ ಇರುತ್ತೆ ಬಿಡೇ."

ಕತ್ತಮ್ಮ ಫೋನಿಡುತ್ತಾರೆ. ಕಪಾಟಿನಿಂದ ಅಕ್ಕನ ಹೊಸ ಕತ್ತನ್ನು ತೆಗೆದು ತೋರಿಸುತ್ತಾರೆ. ಕೊನೆಯ ಪದರವನ್ನು ಇನ್ನೂ ಉಜ್ಜಿಲ್ಲ.

"ಆಗ್ಲೂ ಹಿಂಗೇ ಅಂದಿದ್ಲು. ಚೆನ್ನಾಗಿದೆ ಅನ್ನೋದು ಬೇಡ ನಂಗೆ. ಇಲ್ಲಿಗೆ ಬಂದು, ಈ ಸ್ಟೂಲ್ ಮೇಲೆ ಕೂತ್ಕೊಂಡು, ‘ಇಲ್ಲಿ ಒತ್ತುತ್ತೆ ಕಣೇ, ದಡ್ಡಿ’ ಅಂತ ಒಂದ್ಸಲ ಬೈಲಿ."