ರೈಟರಿಗೆ ಬಂದ ಮೀನು

ನಿಮ್ಮ ತಾತ ನೆಲ್ಯಹುದಿಕೇರಿಯ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ಎರಡನೇ ರೈಟರಾಗಿದ್ದರು. ಬ್ರಿಟಿಷರ ಕಾಲ. ನಮ್ಮ ದೊರೆಗೆ ಮೀನು ಹಿಡಿಯುವ ಹುಚ್ಚು. ಅಂಥದೇ ಹುಚ್ಚಿದ್ದ ತೋಟದ ದೊರೆಗಳು ಸೇರಿ ಒಂದು ಸಂಘ ಕಟ್ಟಿಕೊಂಡಿದ್ದರು. ಮಳೆ ಹಿಂದೆ ಸರಿದು ಹೊಳೆ ತಿಳಿಯಾದ ಮೇಲೆ, ವರ್ಷಕ್ಕೊಮ್ಮೆ, ಕಾವೇರಿಯ ದಡದಲ್ಲಿ ಡೇರೆ ಹಾಕಿ ಕೂಡುತ್ತಿದ್ದರು. ಅವರು ಬಂದಾಗ ನಾವು ನೀರು ತರುವ ಕಡವು ಅವರದಾಗುತ್ತಿತ್ತು. ನಾವು ಹೆಂಗಸರು ಕೊಡ ಹೊತ್ತು ಇನ್ನೂ ದೂರದ ಕೆಳಗಿನ ಕಡವಿಗೆ ಹೋಗಬೇಕಿತ್ತು.

ಸಂಘದ ನಿಯಮದಲ್ಲಿ ಗಾಳಕ್ಕೆ ಹುಳು ಚುಚ್ಚುವಂತಿರಲಿಲ್ಲ. ಕೋಳಿಯ ಗರಿಯನ್ನು ರೇಷ್ಮೆ ದಾರದಲ್ಲಿ ಸುತ್ತಿ ನೊಣದ ಹಾಗೆ ಮಾಡಿ ಕಟ್ಟುತ್ತಿದ್ದರು. ನಮ್ಮತ್ತೆಗೆ ಇದು ಅರ್ಥವಾಗಿರಲಿಲ್ಲ.

"ಹುಳ ಚುಚ್ತಾರೇನೋ?" ಎಂದು ಮಗನನ್ನು ಕೇಳಿದರು.

"ಇಲ್ಲವ್ವ, ಗರಿ ಕಟ್ತಾರೆ. ಮೀನು ನೊಣ ಅನ್ಕೊಂಡು ಬಾಯಿ ಹಾಕ್ತದೆ."

"ಕೊಲ್ಲೋದೂ ಅಲ್ದೆ ಮೋಸ ಬೇರೆ. ಹುಳನಾದ್ರೂ ತಿಂದು ಸಾಯ್ತಿತ್ತು ಪಾಪ."

ಆ ವರ್ಷ ಹೆಡ್ ರೈಟರು ಕೆಲಸ ಬಿಟ್ಟು ಊರಿಗೆ ಹೋಗಿದ್ದರು. ಆ ಜಾಗ ನಿಮ್ಮ ತಾತನಿಗೇ ಸಿಗುತ್ತದೆಂದು ಎಸ್ಟೇಟಿನಲ್ಲೆಲ್ಲ ಮಾತಿತ್ತು. ಹೆಡ್ ರೈಟರ ಮನೆಯ ಹಿತ್ತಲಲ್ಲಿ ಬಾವಿ ಇತ್ತು. ನನಗೆ ಬೇಕಾಗಿದ್ದುದು ಆ ಬಾವಿ. ಯಾರ ಹತ್ತಿರವೂ ಹೇಳಿರಲಿಲ್ಲ.

ಕೂಟದ ಡೇರೆ, ಕಟ್ಟಿಗೆ, ಆಳುಕಾಳು, ಮೀನಿನ ತೂಕ ಎಲ್ಲವನ್ನೂ ನಿಮ್ಮ ತಾತ ನೋಡಿಕೊಂಡರು. ಕೊನೆಯ ದಿನ, ಚೆನ್ನಾಗಿ ದುಡಿದ ಒಬ್ಬ ನೌಕರನಿಗೆ ಎಲ್ಲಕ್ಕಿಂತ ದೊಡ್ಡ ಮೀನನ್ನು ಎಲ್ಲರೆದುರು ಕೊಡುವುದು ಅವರ ಪದ್ಧತಿ. ಅದಕ್ಕೆ ನಿಮ್ಮ ತಾತನನ್ನು ಕರೆದರು.

ಸಂಜೆ ನಾನು ಅಂಗಳ ಗುಡಿಸುತ್ತಿದ್ದೆ. ಕೂಲಿಯವರ ಲೈನುಮನೆಗಳ ಇಬ್ಬರು ಆಳುಗಳು ಬಿದಿರ ಗಳುವಿಗೆ ಒಂದು ಬಿಳಿಮೀನನ್ನು ತೂಗುಹಾಕಿ ಹೊತ್ತು ತಂದರು. ಅದರ ಬಾಲ ನೆಲ ಸವರುತ್ತಿತ್ತು. ಮುಂದೆ ನಿಮ್ಮ ತಾತ, ಎರಡೂ ಕೈಗಳನ್ನು ಮೈಗೆ ತಾಗದಂತೆ ದೂರ ಹಿಡಿದು ಬರುತ್ತಿದ್ದರು. ಕೊರಳಲ್ಲಿ ಲಿಂಗವಿತ್ತು.

"ಯಾರ ಮನೆಗೋ ಅದು?" ಅತ್ತೆ ಬಾಗಿಲಲ್ಲೇ ನಿಂತು ಕೇಳಿದರು.

"ದೊರೆ ಕೊಟ್ಟರು."

"ಅವರು ಕೊಟ್ಟರೆ ನೀನು ಕೈ ಚಾಚಿದೆಯಾ?"

"ಅಷ್ಟು ಜನರೆದುರು ಬೇಡ ಅನ್ನೋದು ಹೆಂಗವ್ವ? ಹೆಡ್ ರೈಟರ್ ಕೆಲಸ ಇನ್ನೂ ಯಾರಿಗೂ ಆಗಿಲ್ಲ."

"ಅದು ಅಂಗಳ ದಾಟಿದ್ರೆ ನಾನು ಕುಶಾಲನಗರಕ್ಕೆ, ಮಗಳ ಮನೆಗೆ. ಆಮೇಲೆ ನೀನೂ ಮೀನೂ ಇರ್ರಿ."

ಗಳು ಹೊತ್ತವರು ಎಲ್ಲಿ ಇಳಿಸಬೇಕೆಂದು ತಿಳಿಯದೆ ಹೆಗಲು ಬದಲಿಸಿದರು. ಅಷ್ಟರಲ್ಲಿ ಮೇಸ್ತ್ರಿಯ ಹೆಂಡತಿ ಓಡಿ ಬಂದಳು.

"ರೈಟ್ರಮ್ಮಾ, ತಲೆ ನಂಗೆ. ಮಿಕ್ಕಿದ್ದು ಲೈನಿಗೆಲ್ಲಾ ಆಗ್ತದೆ."

ನಾನು ತಲೆಯಾಡಿಸಿದೆ. ಮೀನು ಬಂದ ದಾರಿಯಲ್ಲೇ ಹೋಯಿತು. ಅತ್ತೆ ಮಗನಿಗೆ ಅಂಗಳದಲ್ಲೇ ನೀರು ಹೊಯ್ದು, ಸ್ನಾನವಾದ ಮೇಲೆಯೇ ಒಳಗೆ ಬಿಟ್ಟರು.

ಬೆಳಿಗ್ಗೆ ದೊರೆ ಕುದುರೆಯ ಮೇಲೆ ನಮ್ಮ ಮನೆಯ ಮುಂದೆ ಬಂದರು.

"ರೈಟರ್, ಮೀನು ಹೇಗಿತ್ತು?"

ನಿಮ್ಮ ತಾತನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ನಿಜ ಹೇಳಲು ಧೈರ್ಯವಿರಲಿಲ್ಲ. ಒಳಗಿನಿಂದ ಅತ್ತೆ, "ಲೈನಿನವರನ್ನ ಕೇಳಿ ಅನ್ನೋ, ತಿಂದೋರು ಅವರು" ಎಂದರು. ದೊರೆಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು.

"ನೀವು ತಿನ್ನುವುದಿಲ್ಲವಾ?"

"ಇಲ್ಲ ದೊರೆ. ನಾವು ಶಿವಾಚಾರದವರು."

"ಮತ್ತೆ ಯಾಕೆ ತೆಗೆದುಕೊಂಡಿರಿ?"

"ನೀವು ಕೊಟ್ಟಿರಿ."

ದೊರೆ ಸಿಟ್ಟಾಗಲಿಲ್ಲ. ಕುದುರೆ ತಿರುಗಿಸಿದರು.

ಕೆಲವು ದಿನಗಳಲ್ಲಿ ಹೆಡ್ ರೈಟರ್ ಕೆಲಸ ಅಮ್ಮತ್ತಿ ಕಡೆಯ ಒಬ್ಬರಿಗೆ ಹೋಯಿತು. ದೊರೆ ನಿಮ್ಮ ತಾತನನ್ನು ಕರೆದು ಕಾರಣ ಹೇಳಿದರಂತೆ. "ನೀವು ಒಳ್ಳೆಯವರು. ಆದರೆ ನನಗೆ ಬೇಡ ಅನ್ನಲಾರದವರು ನಾಳೆ ಕಂಟ್ರಾಕ್ಟರ್ ಲಂಚ ತಂದರೆ ಬೇಡ ಅನ್ನುತ್ತೀರಾ?" ಇದನ್ನು ಊಟಕ್ಕೆ ಕೂತಾಗ ಹೇಳಿದರು. ಅತ್ತೆ ಅನ್ನಕ್ಕೆ ಇನ್ನೊಂದು ಸೌಟು ಮಜ್ಜಿಗೆ ಬಡಿಸಿದರು. ಬಾವಿಯಿದ್ದ ಮನೆಗೆ ಬೇರೆಯವರ ಸಾಮಾನು ಬಂತು.

ಮರುವರ್ಷದ ಕೂಟದ ಕೊನೆಯ ದಿನವೂ ನಿಮ್ಮ ತಾತನನ್ನೇ ಕರೆದರು. ದೊರೆ ಒಂದು ಬುಟ್ಟಿ ಕಿತ್ತಳೆ ಕೊಟ್ಟು, "ಇದು ರೈಟರ ಮೀನು" ಅಂದರಂತೆ. ಎಲ್ಲರೂ ನಕ್ಕರಂತೆ. ಬುಟ್ಟಿ ಮನೆಗೆ ಬಂತು. ಅತ್ತೆ ಒಂದು ಹಣ್ಣು ಸುಲಿದು ಬಾಯಿಗೆ ಹಾಕಿ ಮುಖ ಹಿಂಡಿದರು.

"ನಮ್ಮ ತೋಟದ್ದೇ. ಆ ಕೆಳಗಿನ ಸಾಲಿನ ಹುಳಿ ಗಿಡದ್ದು. ಇದನ್ನಾದ್ರೂ ಬೇಡ ಅನ್ನಬಾರದಿತ್ತೇನೋ?"

ಕೆಲಸ ತಪ್ಪಿದ ವಿಷಯಕ್ಕೆ ನಿಮ್ಮ ತಾತ ನಕ್ಕಿದ್ದು ಅಂದೇ ಮೊದಲು. ಅತ್ತೆಯೂ ನಕ್ಕರು. ನಾನು ಕೊಡ ತೆಗೆದುಕೊಂಡು ಹೊರಟೆ. ಡೇರೆಗಳನ್ನು ಇನ್ನೂ ಬಿಚ್ಚಿರಲಿಲ್ಲ. ಅದಕ್ಕೆ ಕೆಳಗಿನ ಕಡವಿಗೇ ಹೋದೆ.