ಒಂಬತ್ತನೇ ಅಧ್ಯಾಯ ಕಳಿಸಿದ್ದು ಯಾರು

ರೇಡಿಯೇಟರಿನ ಮೇಲೆ ಕಿತ್ತಳೆ ಸಿಪ್ಪೆ ಇಟ್ಟವಳು ಮಗಳು. ಕಳೆದ ಭಾನುವಾರ ಮಧ್ಯಾಹ್ನ ಸೋಫಾದ ಮೇಲೆ ಕಾಲು ಮಡಚಿಕೊಂಡು ಕೂತು ಹಣ್ಣು ತಿಂದಳು. ಸಿಪ್ಪೆ ಎಸೆಯಲು ಅಡುಗೆಮನೆಯವರೆಗೆ ಎದ್ದು ಹೋಗುವುದಕ್ಕೆ ಬೇಸರವಾಗಿ ಪಕ್ಕದಲ್ಲಿ ಕೋಣೆ ಬೆಚ್ಚಗಿಡುವ ರೇಡಿಯೇಟರಿನ ಮೇಲೆ ಇಟ್ಟು ಮರೆತಳು. ಹತ್ತು ನಿಮಿಷದಲ್ಲಿ ಲಂಡನ್ನಿನ ಅಂಚಿನ ಕ್ರೋಯ್ಡನ್ನಿನಲ್ಲಿರುವ ನಮ್ಮ ಫ್ಲಾಟಿನ ತುಂಬ ಆ ವಾಸನೆ. ಬಿಸಿಗೆ ಸಿಪ್ಪೆ ಎಣ್ಣೆ ಬಿಟ್ಟಾಗ ಬರುವ, ಸ್ವಲ್ಪ ಸಿಹಿ, ಸ್ವಲ್ಪ ಸೀದ ವಾಸನೆ. “ಅಪ್ಪಾ, ಸ್ಮೆಲ್ಸ್ ನೈಸ್, ನೋ?” ಎಂದಳು. ನಾನು ಎದ್ದು ಬಚ್ಚಲಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು ನಿಂತೆ. ಐವತ್ತರ ಹತ್ತಿರದ ಅಪ್ಪ ಅಳುವುದನ್ನು ಹದಿಮೂರರ ಹುಡುಗಿ ನೋಡಬಾರದು ಅನ್ನಿಸಿತು.

ನನಗೆ ಅದು ಗ್ರೀನ್‌ಫರ್ಡ್‌ನ ಒಂದು ಕೋಣೆಯ ವಾಸನೆ. ಅಲ್ಲೊಂದು ರಬ್ಬರ್ ಫ್ಯಾಕ್ಟರಿ ಇತ್ತು. ಲಿಫ್ಟಿನ ಬಾಗಿಲು, ಟ್ರೇನಿನ ಕಿಟಕಿ, ಬಟ್ಟೆ ಒಗೆಯುವ ಮಷಿನ್ನಿನ ಬಾಯಿ, ಇವುಗಳ ಅಂಚಿಗೆ ಕೂರಿಸುವ ರಬ್ಬರ್ ಪಟ್ಟಿ ಅಲ್ಲಿ ತಯಾರಾಗುತ್ತಿತ್ತು. ಬೆಂದ ರಬ್ಬರಿನ ನಾತ ಗೋಡೆಗೆ, ಕೋಟಿಗೆ, ತಿನ್ನುವ ಬ್ರೆಡ್ಡಿಗೂ ಹತ್ತಿಕೊಂಡಿರುತ್ತಿತ್ತು. ಅದನ್ನು ಓಡಿಸಲು ನಮ್ಮ ಸಾಹೇಬರು ದಿನಾ ಒಂದು ಕಿತ್ತಳೆ ಸುಲಿದು, ಸಿಪ್ಪೆಯನ್ನು ತಮ್ಮ ಕೋಣೆಯ ರೇಡಿಯೇಟರಿನ ಮೇಲೆ ಸಾಲಾಗಿ ಜೋಡಿಸುತ್ತಿದ್ದರು. ಚಳಿಗಾಲದಲ್ಲಿ ಅವರ ತಾಯಿ ಒಲೆಯ ಮೇಲೆ ಹಾಗೆ ಇಡುತ್ತಿದ್ದರಂತೆ. ಧಾರವಾಡದಲ್ಲಿ ನಮ್ಮ ಅವ್ವನೂ ಸಿಪ್ಪೆ ಒಣಗಿಸುತ್ತಾಳೆ, ಕುಟ್ಟಿ ಮೈಗೆ ಹಚ್ಚುವ ಪುಡಿ ಮಾಡುತ್ತಾಳೆ ಎಂದು ನಾನು ಹೇಳಿದಾಗ ಅವರು ಕುರ್ಚಿಯಿಂದ ಎದ್ದು ಬಂದು ನನ್ನ ಬೆನ್ನು ತಟ್ಟಿದ್ದರು.

ಸಾಹೇಬರು ಇಟಲಿಯವರು. ಇಪ್ಪತ್ತಮೂರನೇ ವಯಸ್ಸಿಗೆ ಟೈರ್ ಫ್ಯಾಕ್ಟರಿಯಲ್ಲಿ ಎಂಜಿನಿಯರಾಗಿ ಸೇರಿದವರು. ಅಲ್ಲಿಂದ ಟೆಲಿಫೋನ್ ಕೇಬಲ್, ಅಲ್ಲಿಂದ ಸಿಮೆಂಟ್, ಆಮೇಲೆ ಹಾಲು, ಆಮೇಲೆ ಒಂದು ವಿಮಾನ ನಿಲ್ದಾಣ. ಪ್ರತಿ ಕಡೆಯೂ ಒಂದೊಂದು ಮೆಟ್ಟಿಲು ಮೇಲೆ ಹತ್ತಿದರು, ಪ್ರತಿ ಕಡೆಯೂ ಏನಾದರೊಂದು ಮುಚ್ಚಿದರು. ಕಾಯಿಲೆ ಬಿದ್ದ ಕಂಪನಿ ಇದ್ದಲ್ಲಿ ಅವರನ್ನು ಕರೆಸುತ್ತಿದ್ದರು. ಪತ್ರಿಕೆಗಳಲ್ಲಿ ಅವರ ಫೋಟೋ ಬರುತ್ತಿತ್ತಂತೆ. ಅದನ್ನೆಲ್ಲ ಅವರು ಹೇಳಿಕೊಳ್ಳುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಎಲ್ಲರ ಜೊತೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದರು, ನನ್ನೆದುರು ಕೂತು ಉಣ್ಣುತ್ತ ಹೇಳುತ್ತಿದ್ದುದು ಗೇಟುಗಳ ವಿಷಯ ಮಾತ್ರ.

“ಟೈರಿನದು ಹಸಿರು ಗೇಟು. ಸಿಮೆಂಟಿನದಕ್ಕೆ ಬಣ್ಣವೇ ಇರಲಿಲ್ಲ, ಬರೀ ಧೂಳು. ಹಾಲಿನದು ಬಿಳಿ. ಅದನ್ನು ಮುಚ್ಚಿದ ದಿನ ಒಬ್ಬ ಹೆಂಗಸು ಬಕೆಟ್ ತಂದು ಗೇಟು ಒರೆಸುತ್ತಿದ್ದಳು...” ಎಂದು ತಟ್ಟೆ ಪಕ್ಕಕ್ಕೆ ಸರಿಸುತ್ತಿದ್ದರು. ಒಮ್ಮೆ ಕಿಟಕಿಯಾಚೆ ಕೈ ತೋರಿಸಿ, “ಇದು ನೀಲಿ. ಇದನ್ನು ತೆರೆದೇ ಬಿಟ್ಟು ನಾನು ಮನೆಗೆ ಹೋಗಬೇಕು” ಎಂದರು.

ಅದು ಅಷ್ಟು ಸುಲಭವಿರಲಿಲ್ಲ. ನಮ್ಮ ಫ್ಯಾಕ್ಟರಿಯನ್ನು ಕೊಂಡಿದ್ದ ದೊಡ್ಡ ಕಂಪನಿಯ ಹೆಡ್ ಆಫೀಸು ಬೇರೆ ದೇಶದಲ್ಲಿತ್ತು. ಇಲ್ಲಿಯ ಮಷಿನ್ನುಗಳನ್ನು ಬಿಚ್ಚಿ, ಇನ್ನೂ ದೂರದ ಒಂದು ದೇಶಕ್ಕೆ ಒಯ್ಯಬೇಕೆಂಬುದು ಅವರ ಹಟ. ಸಾಹೇಬರನ್ನು ಕಳಿಸಿದ್ದೂ ಅದಕ್ಕೇ. ಆದರೆ ಬಂದ ಮೊದಲ ತಿಂಗಳಲ್ಲೇ ಈ ಮನುಷ್ಯನಿಗೆ ಫ್ಯಾಕ್ಟರಿಯ ಮೇಲೆ ಪ್ರೀತಿ ಹುಟ್ಟಿತು. ಈ ಕೆಲಸ ಈ ಕೈಗಳಿಂದ ಮಾತ್ರ ಆಗುತ್ತದೆ, ಮಷಿನ್ ಒಯ್ದು ಪ್ರಯೋಜನವಿಲ್ಲ ಎಂದು ಹೆಡ್ ಆಫೀಸಿಗೆ ಒಪ್ಪಿಸುವುದು ಅವರ ಯೋಚನೆ. ಅದಕ್ಕೆ ಪುರಾವೆ ಬೇಕಿತ್ತು, ಪುರಾವೆ ಬರೆಯಲು ನಾನು ಬೇಕಿದ್ದೆ.

ನಾನು ಬೆಂಗಳೂರಿನ ಸಾಫ್ಟ್‌ವೇರ್ ಸರ್ವಿಸ್ ಕಂಪನಿಯಲ್ಲಿ ಎಂಟು ವರ್ಷ ಪಳಗಿ ಈ ಫ್ಯಾಕ್ಟರಿಯ ಆಫೀಸಿಗೆ ಬಂದವನು. ಅಲ್ಲಿ ನಮಗೆ ಕಲಿಸಿದ್ದು ಎರಡೇ: ಯಾರ ತಲೆಯಲ್ಲಿ ಏನಿದೆಯೋ ಅದನ್ನು ಹೊರಗೆಳೆದು ಡಾಕ್ಯುಮೆಂಟ್ ಮಾಡು, ಮತ್ತು ಕೇಳಿದ ದಿನಕ್ಕಿಂತ ಒಂದು ದಿನ ಮೊದಲೇ ಕೊಡು. ಈ ಎರಡರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ. ಯಾರೂ ಗುರುತು ಹಿಡಿಯದ ಆ ಪ್ರತಿಭೆಯನ್ನು ಸಾಹೇಬರು ಗುರುತು ಹಿಡಿದರು. ಫ್ಯಾಕ್ಟರಿಯ ಒಂದೊಂದು ಕೆಲಸ ಹೇಗೆ ನಡೆಯುತ್ತದೆ ಎಂಬುದರ ಕೈಪಿಡಿಗೆ ಎಂಟು ಅಧ್ಯಾಯ ಬರೆದೆ. ಒಂಬತ್ತನೆಯದು ಮಾಸಿಯದು.

ಮಾಸಿ ಗುಜರಾತಿ ಹೆಂಗಸು, ಆಗಲೇ ಅರವತ್ತರ ಹತ್ತಿರ. ಇಡೀ ಫ್ಯಾಕ್ಟರಿಗೆ ಅವಳು ಮಾಸಿ, ಅಂದರೆ ಚಿಕ್ಕಮ್ಮ. ಅಚ್ಚಿನಲ್ಲಿ ರಬ್ಬರ್ ಬೇಯಲು ಎಷ್ಟು ಹೊತ್ತು ಎಂದು ಮಷಿನ್ನು ಹೇಳುತ್ತಿತ್ತು, ಆದರೆ ಹೊರಗೆ ಥಂಡಿ ಹವೆ ಇದ್ದರೆ, ಹೊಸ ಸರಕು ಬಂದಿದ್ದರೆ ಆ ಲೆಕ್ಕ ಕೈಕೊಡುತ್ತಿತ್ತು. ಆಗ ಮಾಸಿ ಬಿಸಿ ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದು, ಉಗುರಿನಿಂದ ಒಮ್ಮೆ ಒತ್ತಿ, “ಇನ್ನೂ ಹಸಿ” ಅನ್ನುತ್ತಿದ್ದಳು. ಅವಳ ಮಾತು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಮೂರು ವಾರ ನಾನು ಅವಳ ಪಕ್ಕ ಥರ್ಮಾಮೀಟರ್, ಗಡಿಯಾರ ಹಿಡಿದು ನಿಂತೆ. ಅವಳು ಮೂಸಿದ್ದನ್ನೆಲ್ಲ ಬರೆದುಕೊಂಡೆ. ಬೆಲ್ಲದ ವಾಸನೆ ಬಂದರೆ ಇಷ್ಟು, ಸುಟ್ಟ ಕೂದಲಿನ ವಾಸನೆ ಬಂದರೆ ಇಷ್ಟು... ತನ್ನ ಡಬ್ಬಿಯ ಮೆಂತ್ಯದ ರೊಟ್ಟಿ, ಥೇಪ್ಲಾದಲ್ಲಿ ಅರ್ಧ ನನಗೆ ಕೊಟ್ಟು, ಮಕ್ಕಳಿಗೆ ಅಡುಗೆ ಕಲಿಸುವಂತೆ ಎಲ್ಲ ಹೇಳಿಕೊಟ್ಟಳು. ಮಾಸಿಯ ಮೂಗನ್ನು ನಾನು ಹನ್ನೊಂದು ಪುಟದ ಕೋಷ್ಟಕ ಮಾಡಿದೆ.

ಓದಿ ಮುಗಿಸಿದ ಸಾಹೇಬರ ಮುಖ ಬಿಳಿಚಿಕೊಂಡಿತ್ತು. “ಇದು ತುಂಬಾ ಚೆನ್ನಾಗಿದೆ. ಅದೇ ಭಯ. ಇದು ಯಾರ ಕೈಗೂ ಹೋಗಬಾರದು. ಎಂಟು ಅಧ್ಯಾಯ ಅವರಿಗೆ ಕೊಡೋಣ. ಸೋಮವಾರ ನಾನೇ ಹೋಗಿ ಹೇಳುತ್ತೇನೆ, ಒಂಬತ್ತನೆಯದು ಒಂದು ಹೆಂಗಸಿನ ಮೂಗಿನಲ್ಲಿದೆ, ಅದನ್ನು ಹಡಗಿಗೆ ಹೇರಲು ಬರುವುದಿಲ್ಲ ಅಂತ.”

ನಾನು ತಲೆಯಾಡಿಸಿದೆ. ಎಂಟು ಅಧ್ಯಾಯ ಕಳಿಸಿದೆ. ಆದರೆ ಮೊದಲ ಪುಟದ ಪರಿವಿಡಿಯಿಂದ ಒಂಬತ್ತನೆಯ ಸಾಲನ್ನು ತೆಗೆಯಲು ಮರೆತಿದ್ದೆ.

ಗುರುವಾರ ಹೆಡ್ ಆಫೀಸಿನಿಂದ ಮೇಲ್ ಬಂತು. ಬಹಳ ವಿನಯದ ಎರಡೇ ಸಾಲು. ಪರಿವಿಡಿಯಲ್ಲಿ ಒಂಬತ್ತು ಇದೆ, ಫೈಲಿನಲ್ಲಿ ಎಂಟೇ ಇದೆ, ದಯವಿಟ್ಟು ಪೂರ್ತಿ ಕಳಿಸುತ್ತೀರಾ? ಸಾಹೇಬರು ಆ ದಿನ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು, ಫೋನ್ ಎತ್ತಲಿಲ್ಲ. ಕಾಯಬಹುದಿತ್ತು. ಸಂಜೆಯವರೆಗೆ ಕಾಯ್ದಿದ್ದರೆ ಸಾಕಿತ್ತು. ಆದರೆ ಅರ್ಧ ಕೆಲಸ ಕಳಿಸಿದವನು ಎಂದು ಅವರು ನನ್ನನ್ನು ತಿಳಿದುಕೊಂಡಾರು ಎಂಬ ನಾಚಿಕೆ ನನಗೆ. ಇದನ್ನು ಓದಿದರೆ ನಮ್ಮ ಫ್ಯಾಕ್ಟರಿಯ ಬೆಲೆ ಅವರಿಗೆ ಗೊತ್ತಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ಇದಿಷ್ಟೇ ಕಾರಣ ಎಂದು ವರ್ಷಗಟ್ಟಲೆ ನಂಬಿದ್ದೆ. ಇಲ್ಲ. ನನ್ನ ವೀಸಾದ ಕಾಗದಕ್ಕೆ ಸಹಿ ಹಾಕಬೇಕಿದ್ದದ್ದು ಅದೇ ಹೆಡ್ ಆಫೀಸು. ಹೆಂಡತಿಗೆ ಆಗ ಐದು ತಿಂಗಳು. ನಾನು ಹೆದರಿದ್ದೆ. ‘ಪ್ಲೀಸ್ ಫೈಂಡ್ ಅಟ್ಯಾಚ್ಡ್’ ಎಂದು ಬರೆದು ಕಳಿಸಿಬಿಟ್ಟೆ. ಮರುದಿನ ಸಾಹೇಬರಿಗೆ ಅದನ್ನು ಹೇಳಲೂ ಇಲ್ಲ.

ಸೋಮವಾರ ಹೋದ ಸಾಹೇಬರು ಮಂಗಳವಾರ ಮರಳಿದರು. ನೇರ ಕ್ಯಾಂಟೀನಿಗೆ ಬಂದು ಎಲ್ಲರನ್ನೂ ಕರೆಸಿದರು. ನಾನು ಚಹಾದ ಡ್ರಮ್ಮಿನ ಪಕ್ಕ ನಿಂತಿದ್ದೆ. ಅವರ ಕಣ್ಣು ಒಮ್ಮೆ ನನ್ನ ಮೇಲೆ ಬಂದು ಹೋಯಿತು. ಆಗಲೇ ನನಗೆ ಗೊತ್ತಾಯಿತು, ಅವರಿಗೆ ಎಲ್ಲ ಗೊತ್ತಾಗಿದೆ ಎಂದು.

ಫ್ಯಾಕ್ಟರಿ ಮುಚ್ಚುತ್ತದೆ ಎಂದರು. ಗದ್ದಲವಾಯಿತು. ಮಾಸಿ ಎದ್ದು ನಿಂತಳು. “ನಾನು ಹೇಳಿದ್ದು? ಅದನ್ನೂ ಕೊಟ್ಟಿರಾ?” ಎಂದು ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಕೇಳಿದಳು.

ಈಗ ಹೇಳು, ಈಗ ಹೇಳು ಎಂದುಕೊಂಡೆ.

“ಕೊಟ್ಟೆ,” ಎಂದರು ಸಾಹೇಬರು. “ಕಳಿಸಿದ್ದು ನಾನು.”

ಯಾರೋ ನೆಲಕ್ಕೆ ಉಗಿದರು. ಮಾಸಿ ಏಪ್ರನ್ ಬಿಚ್ಚಿ, ನೀಟಾಗಿ ನಾಲ್ಕು ಮಡಿಕೆ ಮಡಚಿ, ಅವರೆದುರಿನ ಟೇಬಲ್ಲಿನ ಮೇಲೆ ಇಟ್ಟು ಹೊರಟಳು. ನಾನು ಬಾಯಿ ಬಿಡಲಿಲ್ಲ.

ಆಮೇಲೆ ಅವರ ಕೋಣೆಗೆ ಹೋದೆ. ಕಾಲು ಹಿಡಿಯುವವನೇ ಇದ್ದೆ. ಅವರು ಕಿತ್ತಳೆ ಸುಲಿಯುತ್ತಿದ್ದರು. ಅರ್ಧ ನನ್ನ ಕೈಗೆ ಇಟ್ಟರು.

“ನನ್ನ ಹೆಸರು ಈ ಕೆಲಸಕ್ಕೆ ಮೊದಲೇ ಹೊಂದಿಕೊಂಡಿದೆ,” ಎಂದರು. “ಇಷ್ಟು ಗೇಟು ಮುಚ್ಚಿದವನು ಇನ್ನೊಂದು ಮುಚ್ಚಿದ ಅಂದರೆ ಯಾರಿಗೂ ಆಶ್ಚರ್ಯವಿಲ್ಲ. ನಿನಗೆ ಮಗು ಬರುತ್ತಿದೆ. ಹಣ್ಣು ತಿನ್ನು.”

ನಾನು ತಿಂದೆ. ಅದನ್ನೇ ನೆನೆದು ಈಗಲೂ ನನ್ನ ಮೇಲೆ ನನಗೆ ಹೇಸಿಗೆ. ಅಳುತ್ತಲೇ ಆದರೂ ಪೂರ್ತಿ ತಿಂದೆ.

ಅವರು ಇಟಲಿಗೆ ಮರಳಿದರು. ಮತ್ತೆ ಯಾವ ಕಂಪನಿಯೂ ಅವರನ್ನು ಕರೆಯಲಿಲ್ಲ, ಅಥವಾ ಅವರೇ ಹೋಗಲಿಲ್ಲ. ನನ್ನ ಗತಿ ಕೇಳಿ: ಒಂಬತ್ತನೇ ಅಧ್ಯಾಯ ಹೆಡ್ ಆಫೀಸಿಗೆ ಎಷ್ಟು ಹಿಡಿಸಿತೆಂದರೆ, ದೂರದ ಆ ದೇಶದಲ್ಲಿ ಹೊಸಬರಿಗೆ ಕೆಲಸ ಕಲಿಸಲು ನನ್ನನ್ನೇ ಕಳಿಸಿದರು. ವೀಸಾ ಮುಂದುವರಿಯಿತು. ಮುಂದೆ ಪಾಸ್‌ಪೋರ್ಟ್ ಬಂತು, ಈ ಫ್ಲಾಟ್ ಬಂತು. ಸಾಹೇಬರಿಗೆ ಬರೆದ ಮೇಲ್‌ಗಳು ಕಳಿಸದೆ ಹಾಗೇ ಉಳಿದವು. ಪ್ರತಿ ವರ್ಷ ಒಂದು ಬರೆಯುತ್ತಿದ್ದೆ... ಬೇಗ ಕಳಿಸುವುದೇ ನನ್ನ ಗುಣ ಅಂದುಕೊಂಡವನು ನಾನು.

ಮಗಳು ಸಿಪ್ಪೆ ಇಟ್ಟ ಆ ಭಾನುವಾರದ ಹಿಂದಿನ ದಿನ, ಶನಿವಾರ, ಟೂಟಿಂಗ್‌ಗೆ ಜೋಳದ ಹಿಟ್ಟು ತರಲು ಹೋಗಿದ್ದೆ. ಅಂಗಡಿಯ ಹೊರಗೆ ಕಿತ್ತಳೆಯ ಪೆಟ್ಟಿಗೆಗಳ ಮುಂದೆ ಕೋಲು ಹಿಡಿದ ಮುದುಕಿ. ಹಣ್ಣು ಎತ್ತಿ ಮೂಗಿಗೆ ಹಿಡಿದದ್ದು ನೋಡಿದ ಕೂಡಲೇ ಗುರುತು ಸಿಕ್ಕಿತು. ಮಾಸಿ ನನ್ನ ಗಲ್ಲ ಹಿಡಿದು ಹಿಂದಿಯಲ್ಲಿ ಮಾತಾಡಿಸಿದಳು. ಫ್ಯಾಕ್ಟರಿ ಮುಚ್ಚಿದ ಮೇಲೆ ಬೇರೆಲ್ಲೂ ಅವಳಿಗೆ ಕೆಲಸ ಸಿಗಲಿಲ್ಲವಂತೆ, ಮೂಗಿನ ಕೆಲಸಕ್ಕೆ ಸರ್ಟಿಫಿಕೇಟ್ ಎಲ್ಲಿಂದ ತರಲಿ ಎಂದು ನಕ್ಕಳು. ಆಮೇಲೆ, “ಗೊತ್ತಾಯಿತಾ ಬೇಟಾ? ಆ ಇಟಲಿಯವನು ತೀರಿಹೋದನಂತೆ. ಮಗ ಫೋನಿನಲ್ಲಿ ಓದಿ ಹೇಳಿದ” ಎಂದಳು.

ಅಲ್ಲೇ ನಿಂತು ನಾನೂ ಫೋನಿನಲ್ಲಿ ಹುಡುಕಿ ಓದಿದೆ. ಇಡೀ ಬಾಳು ಒಂದು ಸಣ್ಣ ಸುದ್ದಿ. ಟೈರು, ಕೇಬಲ್, ಸಿಮೆಂಟು, ಹಾಲು, ವಿಮಾನ ನಿಲ್ದಾಣ, ಎಲ್ಲ ಸಾಲಾಗಿ. ಕೊನೆಯ ಸಾಲು, ಲಂಡನ್ನಿನ ರಬ್ಬರ್ ಕಾರ್ಖಾನೆಯನ್ನು ಮುಚ್ಚಿಸಿ ನಿವೃತ್ತರಾದರು ಎಂದು.

“ನನ್ನ ವಿದ್ಯೆ ಮಾರಿಕೊಂಡ. ಸತ್ತವನನ್ನು ಬೈಯಬಾರದು, ಆದರೂ ಹೊಟ್ಟೆ ಉರಿಯುತ್ತದೆ,” ಎಂದಳು ಮಾಸಿ. “ನೀನು ಒಳ್ಳೆಯವನು. ಎಷ್ಟು ಗೌರವದಿಂದ ಕೇಳಿ ಕಲಿತೆ! ನಿನ್ನ ಕೈಯಿಂದ ಬರೆಸಿಕೊಂಡು ಅವನು ಹೀಗೆ ಮಾಡಿದ.” ತಾನು ಮೂಸಿ ಆರಿಸಿದ ಆರು ಕಿತ್ತಳೆಗಳನ್ನು ಬೇಡವೆಂದರೂ ನನ್ನ ಚೀಲಕ್ಕೆ ಹಾಕಿದಳು. ನಾನು ಥ್ಯಾಂಕ್ಯೂ ಮಾಸಿ ಅಂದೆ. ಅಷ್ಟೇ ಅಂದೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಇವಳೊಬ್ಬಳಿಗೆ ಎಲ್ಲ ಗೊತ್ತು. ಹಿಟ್ಟಿನ ಡಬ್ಬಿ ಮುಚ್ಚುತ್ತಿದ್ದವಳು ನಿಂತಳು.

“ಅಕಿಗೆ ಖರೇ ಹೇಳಿದ್ರಿಲ್ಲೋ?”

“ಇಲ್ಲ.”

“ಸತ್ತವರ ಹೆಸರರ ತೊಳೀರಿ ಇನ್ನ. ಅಕಿಗೂ ವಯಸ್ಸಾಗೇದ. ಯಾವಾಗ ಹೇಳ್ತೀರಿ?”

ಮರುದಿನ ಮಗಳು ಆ ಹಣ್ಣುಗಳಲ್ಲೇ ಒಂದನ್ನು ಸುಲಿದಳು. ಸಿಪ್ಪೆ ಇನ್ನೂ ರೇಡಿಯೇಟರಿನ ಮೇಲಿದೆ, ಮುದುರಿ ಕಪ್ಪಾಗಿದೆ, ತೆಗೆಯಲು ನಾನು ಬಿಟ್ಟಿಲ್ಲ. ಸಾಹೇಬರು ಇನ್ನಿಲ್ಲ. ಕ್ಷಮೆ ಕೇಳಲು ಅವರ ಕಡೆ ಇನ್ನು ದಾರಿಯೂ ಇಲ್ಲ. ಉಳಿದಿರುವುದು ಮಾಸಿಗೆ ನಿಜ ಹೇಳುವುದೊಂದೇ. ಇವತ್ತು ಅದನ್ನು ಬರೆದೇ ತೀರುತ್ತೇನೆ, ಅವಳ ಮಗನ ವಿಳಾಸ ಹುಡುಕಿ ಕಳಿಸುತ್ತೇನೆ ಎಂದು ಬೆಳಿಗ್ಗೆಯಿಂದ ಕೂತು ಬರೆದೆ. ಏನೂ ಬಿಡದೆ ಬರೆದೆ. ಮುಗಿಸಿ ನೋಡಿದರೆ ಎಲ್ಲವನ್ನೂ ಕನ್ನಡದಲ್ಲಿ ಬರೆದಿದ್ದೇನೆ. ಮಾಸಿಗೆ ಕನ್ನಡ ಬಾರದು. ಅವಳ ಮಗನಿಗೂ ಬಾರದು. ಅದು ನನಗೆ ಮೊದಲ ಸಾಲು ಬರೆಯುವಾಗಲೇ ಗೊತ್ತಿತ್ತು.